ಕಥೆ-ಪ್ರಧಾನ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸಬರು ಕೇಳುವ ಪ್ರಶ್ನೆಗಳು ಮೊದಲು, ಕೆಲವು ತಿಂಗಳು ಆಡಿದವರ ದೂರುಗಳು ಆಮೇಲೆ. ಜಿಎಂ ಎಂದರೆ ಆಟ ನಡೆಸುವವರು, ಉಳಿದವರು ಒಂದೊಂದು ಪಾತ್ರ ವಹಿಸುವ ಆಟಗಾರರು. ಸಂಖ್ಯೆಗಳು ನಿಯಮ ಪುಸ್ತಕಗಳದ್ದು, ಅಭಿಪ್ರಾಯಗಳು ನಮ್ಮವು.

## ಶುರು ಮಾಡುವವರಿಗೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲೂ ಕಥೆ ಇರುತ್ತಲ್ಲ, ಇವಕ್ಕೆ ಮಾತ್ರ ಕಥೆ-ಪ್ರಧಾನ ಅಂತ ಯಾಕೆ ಕರೀತೀರಿ?

ನಿಯಮಗಳು ಏನನ್ನು ಅಳೆಯುತ್ತವೆ ಎಂದು ನೋಡಿ, ವ್ಯತ್ಯಾಸ ತಿಳಿಯುತ್ತದೆ. 1974ರಲ್ಲಿ ಬಂದ ಡಿ ಅಂಡ್ ಡಿ ಹುಟ್ಟಿದ್ದು ಸೈನಿಕರ ಬೊಂಬೆಗಳನ್ನಿಟ್ಟು ಆಡುವ ಯುದ್ಧದಾಟಗಳಿಂದ. ಇವತ್ತಿಗೂ ಅದರ ನಿಯಮಗಳಲ್ಲಿ ದೊಡ್ಡ ಪಾಲು ಯಾರು ಎಷ್ಟು ಅಡಿ ಓಡಬಹುದು, ಕತ್ತಿ ತಗುಲಿತೇ, ಪೆಟ್ಟು ಎಷ್ಟು ಎನ್ನುವುದಕ್ಕೇ ಹೋಗುತ್ತದೆ. ಪಾತ್ರದ ಹಳೆಯ ದ್ವೇಷ, ತೀರದ ಸಾಲ, ಅಣ್ಣನ ಮೇಲಿನ ಸಿಟ್ಟು ಇವೆಲ್ಲ ಆಟಗಾರರ ಇಷ್ಟಕ್ಕೆ ಬಿಟ್ಟದ್ದು. ಕಥೆ-ಪ್ರಧಾನ ಆಟಗಳಲ್ಲಿ ಆ ಸಾಲ, ಆ ಸಿಟ್ಟು ನಿಯಮದೊಳಗೇ ಬಂದು ಕೂರುತ್ತವೆ. ಒಂದು ಸಲ ದಾಳ ಎಸೆದರೆ ಒಂದು ಏಟಿನ ಬದಲು ಇಡೀ ಸನ್ನಿವೇಶವೇ ಒಂದು ಕಡೆ ತಿರುಗುತ್ತದೆ.

ನಿಯಮ ಕಡಿಮೆ ಎಂದು ಮಾತ್ರ ಅಂದುಕೊಳ್ಳಬೇಡಿ. ‘ಬ್ಲೇಡ್ಸ್ ಇನ್ ದ ಡಾರ್ಕ್’ ಪುಸ್ತಕ 300 ಪುಟ ದಾಟುತ್ತದೆ. ಕೂಡಿ ಕಳೆಯುವ ಕೆಲಸ ಕಡಿಮೆ, ಕೂತಲ್ಲೇ ತೀರ್ಮಾನಿಸುವ ಕೆಲಸ ಜಾಸ್ತಿ. ಈ ಆಟಗಳ ಗಟ್ಟಿತನವೂ ಕೊರತೆಯೂ ಅಲ್ಲಿಂದಲೇ ಬರುತ್ತವೆ.

ಯಾವ ಆಟದಿಂದ ಶುರು ಮಾಡೋದು ಒಳ್ಳೇದು?

ಒಂದೇ ಸಂಜೆ ಇದ್ದು, ಯಾರೂ ಪುಸ್ತಕ ಓದಿಲ್ಲವಾದರೆ ಜಾನ್ ಹಾರ್ಪರ್ ಅವರ ‘ಲೇಸರ್ಸ್ ಅಂಡ್ ಫೀಲಿಂಗ್ಸ್’. ಇಡೀ ಆಟ ಒಂದೇ ಪುಟ. ಪಾತ್ರಕ್ಕೆ 2ರಿಂದ 5ರೊಳಗೆ ಒಂದು ಸಂಖ್ಯೆ ಆರಿಸುತ್ತೀರಿ. ತಣ್ಣಗೆ ಲೆಕ್ಕ ಹಾಕಿ ಮಾಡುವ ಕೆಲಸಕ್ಕೆ ಅದಕ್ಕಿಂತ ಕಡಿಮೆ ಬೀಳಬೇಕು, ಮನಸ್ಸಿನ ಜೋರಿನಿಂದ ಮಾಡುವ ಕೆಲಸಕ್ಕೆ ಹೆಚ್ಚು. ಐದೇ ನಿಮಿಷದಲ್ಲಿ ಆಟ ಶುರು.

ವಾರಕ್ಕೊಮ್ಮೆ ಸೇರುವ ಗುಂಪಿದ್ದು, ಡಿ ಅಂಡ್ ಡಿಯ ವಾಸನೆ ಬೇಕು ಎಂದರೆ ‘ಡಂಜನ್ ವರ್ಲ್ಡ್’ (2012). ಕಳ್ಳರ ಗುಂಪು, ಊರಿನ ರಾಜಕೀಯ ಇಷ್ಟವಾದರೆ ಬ್ಲೇಡ್ಸ್ (2017). ಒಬ್ಬರೇ ಆಡುವುದಾದರೆ ‘ಐರನ್‌ಸ್ವೋರ್ನ್’ (2018). ಅದರ ಪಿಡಿಎಫ್ ಉಚಿತವಾಗಿ ಸಿಗುತ್ತದೆ. ಈ ಶೈಲಿಗೆ ದಾರಿ ಮಾಡಿದ ‘ಅಪೋಕಲಿಪ್ಸ್ ವರ್ಲ್ಡ್’ (2010, ವಿನ್ಸೆಂಟ್ ಮತ್ತು ಮೆಗ್ವೇ ಬೇಕರ್) ಓದಲು ಅದ್ಭುತ, ಆದರೆ ಮೊದಲ ಆಟಕ್ಕೆ ನಾವು ಅದನ್ನು ಶಿಫಾರಸು ಮಾಡುವುದಿಲ್ಲ. ಅದರ ಭಾಷೆ, ಜಗತ್ತು ಎರಡೂ ಒರಟು.

ಬಗೆಬಗೆಯ ದಾಳ ತರಿಸಬೇಕಾ?

ಬಹುಪಾಲು ಬೇಡ. ಲೂಡೊ ಡಬ್ಬಿಯಲ್ಲಿರುವ ಆರು ಮುಖದ ದಾಳ ಸಾಕು. ಅಪೋಕಲಿಪ್ಸ್ ಮಾದರಿಯ ಆಟಗಳಿಗೆ ಎರಡು, ಬ್ಲೇಡ್ಸ್‌ಗೆ ನಾಲ್ಕೈದು. ‘ಫೇಟ್’ ಎಂಬ ಇನ್ನೊಂದು ಆಟಕ್ಕೆ ಪ್ಲಸ್, ಮೈನಸ್, ಖಾಲಿ ಮುಖಗಳಿರುವ ನಾಲ್ಕು ವಿಶೇಷ ದಾಳ ಬೇಕು ಎನ್ನುತ್ತಾರೆ, ಆದರೆ ಮಾಮೂಲಿ ದಾಳದಲ್ಲಿ 1–2ನ್ನು ಮೈನಸ್, 3–4ನ್ನು ಖಾಲಿ, 5–6ನ್ನು ಪ್ಲಸ್ ಎಂದು ಓದಿದರೆ ಲೆಕ್ಕ ಒಂದೇ. ಐರನ್‌ಸ್ವೋರ್ನ್‌ಗೆ ಬೇಕಾದ ಹತ್ತು ಮುಖದ ದಾಳ ಎರಡು ಇಲ್ಲದಿದ್ದರೆ ಮೊಬೈಲ್ ಆ್ಯಪ್ ಸಾಕು. ಡಂಜನ್ ವರ್ಲ್ಡ್‌ನಲ್ಲಿ ಮಾತ್ರ ಪೆಟ್ಟಿನ ಲೆಕ್ಕಕ್ಕೆ ನಾಲ್ಕು, ಎಂಟು, ಹತ್ತು ಮುಖದವೂ ಬೇಕಾಗುತ್ತವೆ.

ನಂಗೆ ನಟನೆ ಬರಲ್ಲ. ಆಡಬಹುದಾ?

ಖಂಡಿತ. ದನಿ ಬದಲಿಸಿ ಮಾತಾಡಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ‘ನನ್ನ ಪಾತ್ರ ವ್ಯಾಪಾರಿಯನ್ನು ಹೆದರಿಸುತ್ತಾಳೆ, ಮಗನ ಹೆಸರು ಎತ್ತುತ್ತಾಳೆ’ ಎಂದು ಹೊರಗಿನಿಂದ ಹೇಳಿದರೂ ಸರಿ. ಬೇಕಾಗಿರುವುದು ಏನು ಮಾಡುತ್ತೇನೆ, ಯಾಕೆ ಎನ್ನುವ ಎರಡು ಸಂಗತಿ. ‘ನಾನು ಅವನನ್ನು ಒಪ್ಪಿಸುತ್ತೇನೆ’ ಎಂದಷ್ಟೇ ಹೇಳಿದರೆ ಜಿಎಂ ಮುಂದೆ ಹೋಗಲಾರರು. ಯಾವ ಆಸೆ ಅಥವಾ ಯಾವ ಬೆದರಿಕೆ ಎಂದು ಕೇಳಲೇಬೇಕಾಗುತ್ತದೆ.

ಜಿಎಂ ಆಗೋಕೆ ಯಾರೂ ಒಪ್ತಿಲ್ಲ. ಏನು ಮಾಡೋದು?

ಜಿಎಂ ಇಲ್ಲದ ಆಟಗಳಿವೆ. ಜೇಸನ್ ಮಾರ್ನಿಂಗ್‌ಸ್ಟಾರ್ ಅವರ ‘ಫಿಯಾಸ್ಕೊ’ (2009) 3ರಿಂದ 5 ಜನಕ್ಕೆ, ಎರಡು ಮೂರು ಗಂಟೆಯಲ್ಲಿ ಮುಗಿಯುತ್ತದೆ. ಮೊದಲ ಆವೃತ್ತಿಗೆ ತಲೆಗೆ ನಾಲ್ಕು ದಾಳ, ಎರಡು ಬಣ್ಣ. ನಿಮ್ಮ ಸರದಿ ಬಂದಾಗ ದೃಶ್ಯವನ್ನು ಶುರು ಮಾಡುವ ಹಕ್ಕು ಅಥವಾ ಅದು ಒಳ್ಳೆಯದಾಗಿ ಮುಗಿಯಬೇಕೋ ಕೆಟ್ಟದಾಗಿಯೋ ಎಂದು ನಿರ್ಧರಿಸುವ ಹಕ್ಕು, ಎರಡರಲ್ಲಿ ಒಂದನ್ನು ನೀವು ಆರಿಸಿಕೊಳ್ಳುತ್ತೀರಿ; ಇನ್ನೊಂದು ಉಳಿದವರದ್ದು. ಬೆನ್ ರಾಬಿನ್ಸ್ ಅವರ ‘ಮೈಕ್ರೊಸ್ಕೋಪ್’ (2011) ಒಂದು ನಾಡಿನ ಇಡೀ ಇತಿಹಾಸವನ್ನು ಹಿಂದೆ ಮುಂದೆ ಜಿಗಿಯುತ್ತ ಕಟ್ಟುವ ಆಟ. ಏವರಿ ಆಲ್ಡರ್ ಅವರ ‘ದ ಕ್ವಾಯಟ್ ಇಯರ್’ (2013) ಇಸ್ಪೀಟಿನ 52 ಎಲೆಗಳಿಂದ ಒಂದು ವರ್ಷವನ್ನು ವಾರವಾರ ಆಡಿಸುತ್ತದೆ.

ಇವುಗಳಲ್ಲಿ ಮಾಮೂಲಾಗಿ ಕೆಡುವುದು ಒಂದೇ: ಎಲ್ಲರೂ ಎಲ್ಲದಕ್ಕೂ ಒಪ್ಪಿಗೆ ಕೇಳುತ್ತ ಕೂರುತ್ತಾರೆ, ಕಥೆ ನೀರುಗಂಜಿಯಾಗುತ್ತದೆ. ಮೈಕ್ರೊಸ್ಕೋಪ್ ಇದನ್ನು ನೇರವಾಗಿ ತಡೆಯುತ್ತದೆ. ನಿಮ್ಮ ಸರದಿಯಲ್ಲಿ ಬೇರೆಯವರು ಸಲಹೆ ಕೊಡುವಂತೆಯೇ ಇಲ್ಲ. ಫಿಯಾಸ್ಕೊ ಆಡುವಾಗಲೂ ಆ ನಿಯಮವನ್ನು ಎರವಲು ತಂದುಕೊಳ್ಳಿ.

## ನಿಯಮಗಳ ಒಳಗೆ

7–9 ಬಂದಾಗ ಏನು ಹೇಳ್ಬೇಕು ಅಂತಾನೇ ತೋಚಲ್ಲ. ಪ್ರತೀ ಸಲ ‘ಕತ್ತಿ ಕೆಳಗೆ ಬಿತ್ತು’ ಅಂತೀನಿ.

ಹೊಸ ಜಿಎಂಗಳ ಮೊದಲ ಪರದಾಟವೇ ಇದು. ಅಪೋಕಲಿಪ್ಸ್ ಮಾದರಿಯಲ್ಲಿ ಎರಡು ದಾಳ ಕೂಡಿಸಿ ಪಾತ್ರದ ಗುಣಾಂಕ ಸೇರಿಸುತ್ತೀರಿ: 10 ಅಥವಾ ಮೇಲೆ ಪೂರ್ತಿ ಗೆಲುವು, 7–9 ಬೆಲೆ ತೆತ್ತ ಗೆಲುವು, 6 ಅಥವಾ ಕೆಳಗೆ ಜಿಎಂ ಕೈ ಮೇಲೆ. ಗುಣಾಂಕ +1 ಇದ್ದವರಿಗೆ 36ರಲ್ಲಿ 16 ಸಲ ಬೀಳುವುದು ಈ ನಡುವಿನ ಫಲವೇ. ಅಂದರೆ ಸಂಜೆಗೆ ಇಪ್ಪತ್ತು ಸಲ ಎಸೆದರೆ ಎಂಟೊಂಬತ್ತು ಸಲ ನೀವು ಹೊಸ ತೊಂದರೆ ಹುಡುಕಬೇಕು. ಸುಸ್ತಾಗುವುದು ಸಹಜ, ಅದು ನಿಮ್ಮ ಕಲ್ಪನೆಯ ಬಡತನವಲ್ಲ.

ಮೊದಲು ನೋಡಬೇಕಾದದ್ದು, ಆ ಎಸೆತ ಬೇಕಿತ್ತೇ? ಸೋತರೆ ಏನೂ ಆಗದ ಜಾಗದಲ್ಲಿ ದಾಳ ತೆಗೆಯಿಸಬೇಡಿ. ಬಾಗಿಲ ಆಚೆ ಯಾರೂ ಇಲ್ಲ, ಸಮಯದ ಒತ್ತಡವಿಲ್ಲ ಎಂದರೆ ಬೀಗ ತೆರೆಯಿತು, ಮುಂದೆ ಹೋಗಿ. ಇದೊಂದರಿಂದಲೇ ಎಸೆತಗಳು ಗಣನೀಯವಾಗಿ ಇಳಿಯುತ್ತವೆ.

ಎರಡನೆಯದು, ಬೆಲೆಯನ್ನು ದಾಳ ಬೀಳುವ ಮೊದಲೇ ಹೇಳಿ. ‘ಕಿಟಕಿಯಿಂದ ಹಾರಿದರೆ ತಪ್ಪಿಸಿಕೊಳ್ಳುತ್ತೀಯ, ಆದರೆ ಚೀಲ ಸಿಕ್ಕಿಹಾಕಿಕೊಳ್ಳಬಹುದು.’ ಈಗ 8 ಬಿದ್ದರೆ ಯೋಚಿಸಬೇಕಾಗಿಲ್ಲ, ಚೀಲ ಉಳಿಸಿಕೊಳ್ಳುತ್ತೀಯೋ ಕಾಲು ಉಳಿಸಿಕೊಳ್ಳುತ್ತೀಯೋ ಎಂದು ಆಟಗಾರನನ್ನೇ ಕೇಳಿದರಾಯಿತು. ಆಯ್ಕೆ ಅವನದಾದಾಗ ಬೈಗುಳವೂ ನಿಮಗೆ ಬರುವುದಿಲ್ಲ.

ಮೂರನೆಯದು, ತೊಂದರೆ ಅದೇ ಕೋಣೆಯಲ್ಲಿ ಆಗಬೇಕೆಂದಿಲ್ಲ. ಯಾರೋ ನೋಡಿದರು, ಸುದ್ದಿ ಹೋಯಿತು, ಎಣ್ಣೆ ಮುಗಿಯಿತು, ಗೆಳೆಯನಿಗೆ ಋಣ ಬಿತ್ತು. ಹೀಗೆ ಆರೇಳು ಬಗೆಯನ್ನು ಚೀಟಿಯಲ್ಲಿ ಬರೆದು ಮುಂದಿಟ್ಟುಕೊಳ್ಳಿ, ಒಂದನ್ನೇ ಎರಡು ಸಲ ಸತತವಾಗಿ ಬಳಸಬೇಡಿ. ಕತ್ತಿ ಬೀಳಿಸುವುದನ್ನು ಆ ಚೀಟಿಯಿಂದ ಹೊಡೆದುಹಾಕಿದರೂ ನಷ್ಟವಿಲ್ಲ.

6 ಬಿದ್ದಾಗಲೆಲ್ಲ ನಮ್ಮ ಪಾತ್ರಗಳು ಪೆದ್ದರ ಥರ ಕಾಣ್ತಾರೆ. ಸಿಟ್ಟು ಬರುತ್ತೆ.

ತಪ್ಪು ನಿಯಮದ್ದಲ್ಲ, ಓದಿದ ರೀತಿಯದ್ದು. 6 ಅಥವಾ ಕೆಳಗೆ ಎಂದರೆ ಪಾತ್ರ ಎಡವಿತು ಎಂದು ಎಲ್ಲೂ ಬರೆದಿಲ್ಲ. ಜಿಎಂ ಗಟ್ಟಿಯಾದ ಒಂದು ನಡೆ ನಡೆಸಬಹುದು ಎಂದಷ್ಟೇ ಇದೆ. ನುರಿತ ಬಿಲ್ಲುಗಾರ್ತಿಯ ಬಾಣ ಗುರಿಗೇ ತಾಕಲಿ. ಬಿದ್ದವನ ಹಿಂದೆ ಇನ್ನೂ ಆರು ಜನ ಬರುತ್ತಿರುವುದು ಆಗ ಕಾಣಲಿ. ಜಾಣತನ ಉಳಿಯಿತು, ಪರಿಸ್ಥಿತಿ ಕೆಟ್ಟಿತು. ಡಂಜನ್ ವರ್ಲ್ಡ್‌ನಲ್ಲಿ ಇಂಥ ಸೋಲಿಗೆ ಒಂದು ಅನುಭವ ಅಂಕವೂ ಸಿಗುತ್ತದೆ. ಅದನ್ನು ಗುರುತು ಹಾಕಿಕೊಳ್ಳಲು ನೆನಪಿಸಿ, ಸಿಟ್ಟು ಅರ್ಧ ಇಳಿಯುತ್ತದೆ.

ಬ್ಲೇಡ್ಸ್‌ನಲ್ಲಿ ಪೊಸಿಷನ್, ಎಫೆಕ್ಟ್ ಅಂತ ಎರಡೆರಡು ಯಾಕೆ? ಗೊಂದಲ ಆಗುತ್ತೆ.

ಪೊಸಿಷನ್ ಎಂದರೆ ತಪ್ಪಿದರೆ ಎಷ್ಟು ಕೆಡುತ್ತದೆ: ಕಂಟ್ರೋಲ್ಡ್, ರಿಸ್ಕಿ, ಡೆಸ್ಪರೇಟ್. ಎಫೆಕ್ಟ್ ಎಂದರೆ ಗೆದ್ದರೆ ಎಷ್ಟು ಸಿಗುತ್ತದೆ: ಲಿಮಿಟೆಡ್, ಸ್ಟ್ಯಾಂಡರ್ಡ್, ಗ್ರೇಟ್. ಇವೆರಡರ ಮೇಲೆ ಚೌಕಾಸಿ ನಡೆಯುವುದರಲ್ಲೇ ಈ ಆಟದ ರುಚಿ.

ಒಂದು ದೃಶ್ಯ ನೋಡಿ. (ಇದರಲ್ಲಿ ಬರುವ ಕ್ಲಾಕ್ ಎಂದರೆ ಮನೆಗಳಾಗಿ ಭಾಗ ಮಾಡಿದ ಒಂದು ವೃತ್ತ; ಮನೆಗಳೆಲ್ಲ ತುಂಬಿದರೆ ಅದಕ್ಕೆ ಹೆಸರಿಟ್ಟ ಸಂಗತಿ ನಡೆಯಿತು ಅಥವಾ ಮುಗಿಯಿತು ಎಂದರ್ಥ.) ವ್ಯಾಪಾರಿಯ ಮನೆಯ ಮೂರನೇ ಮಹಡಿ, ಗೋಡೆಯೊಳಗೆ ತಿಜೋರಿ, ಪಕ್ಕದ ಕೋಣೆಯಲ್ಲಿ ಕಾವಲುಗಾರ. ಆಟಗಾರ್ತಿ ‘ಬೀಗ ತೆರೆಯುತ್ತೇನೆ’ ಎನ್ನುತ್ತಾಳೆ. ಜಿಎಂ: ‘ರಿಸ್ಕಿ. ಬೀಗ ಒಳ್ಳೆ ಕೈಯ ಕೆಲಸ, ಅದಕ್ಕೇ ಎಫೆಕ್ಟ್ ಲಿಮಿಟೆಡ್.’ ‘ಕಾವಲುಗಾರ ನಿದ್ದೆ ಹೋಗುವ ತನಕ ಕಾದರೆ?’ ‘ಆಗ ಕಂಟ್ರೋಲ್ಡ್, ಆದರೆ ಬೆಳಗಾಗುವ ಕ್ಲಾಕ್‌ನಲ್ಲಿ ಎರಡು ಮನೆ ತುಂಬುತ್ತೇನೆ.’ ‘ಬೇಡ, ಸುತ್ತಿಗೆಯಿಂದ ಕೊಂಡಿ ಒಡೀತೀನಿ.’ ‘ಸರಿ, ಡೆಸ್ಪರೇಟ್, ಆದರೆ ಸ್ಟ್ಯಾಂಡರ್ಡ್ ಎಫೆಕ್ಟ್. ಅನುಭವ ಅಂಕ ಒಂದು ಹಾಕ್ಕೋ.’ ಎರಡು ದಾಳ ಎಸೆದಳು: 4, 2. ದೊಡ್ಡದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, 4. ತಿಜೋರಿ ತೆರೆಯಿತು, ಬಾಗಿಲಲ್ಲಿ ಕಾವಲುಗಾರ ಕೋವಿ ಹಿಡಿದು ನಿಂತಿದ್ದಾನೆ.

1–3 ಸೋಲು, 4–5 ತೊಂದರೆಯ ಜೊತೆ ಗೆಲುವು, 6 ಪೂರ್ತಿ ಗೆಲುವು, ಎರಡು 6 ಬಿದ್ದರೆ ಅದಕ್ಕೂ ಮೇಲೆ. ಎರಡು ದಾಳಕ್ಕೆ ಸೋಲು ಶೇ. 25, ನಡುವಿನದು ಸುಮಾರು ಶೇ. 44, 6 ಬರುವುದು ಸುಮಾರು ಶೇ. 31. ಕೋವಿಯ ಗುಂಡು ತಗುಲಬಾರದು ಎಂದರೆ ಆಟಗಾರ್ತಿ ಮತ್ತೆ ದಾಳ ಎಸೆದು ರೆಸಿಸ್ಟ್ ಮಾಡಬಹುದು: 6ರಿಂದ ಆ ಎಸೆತದ ದೊಡ್ಡ ದಾಳ ಕಳೆದರೆ ಉಳಿಯುವಷ್ಟು ಸ್ಟ್ರೆಸ್ ತೆರಬೇಕು. ಸ್ಟ್ರೆಸ್‌ಗೆ ಇರುವುದು 9 ಮನೆ. ತುಂಬಿದರೆ ಒಂದು ಟ್ರಾಮಾ, ನಾಲ್ಕನೇ ಟ್ರಾಮಾಕ್ಕೆ ಆ ಪಾತ್ರದ ಕಥೆ ಮುಗಿಯಿತು.

ಕೆಡುವುದು ಎಲ್ಲಿ? ಪ್ರತಿ ಎಸೆತಕ್ಕೂ ಈ ಚೌಕಾಸಿ ಐದು ನಿಮಿಷ ಎಳೆದರೆ. ಮೇಲಿನ ಮಾತುಕತೆ ಅರ್ಧ ನಿಮಿಷದ್ದು. ಅದಕ್ಕಿಂತ ಉದ್ದವಾಗುತ್ತಿದ್ದರೆ ಜಿಎಂ ರಿಸ್ಕಿ-ಸ್ಟ್ಯಾಂಡರ್ಡ್ ಎಂದು ಹೇಳಿ ದಾಳ ಮುಂದೆ ತಳ್ಳಲಿ.

ಕ್ಲಾಕ್ ಎಷ್ಟು ಮನೆಯದು ಇರಬೇಕು?

ಸಣ್ಣ ತೊಡಕಿಗೆ 4, ದೊಡ್ಡದಕ್ಕೆ 6, ಹಟಮಾರಿಗೆ 8. ಲಿಮಿಟೆಡ್ 1 ಮನೆ, ಸ್ಟ್ಯಾಂಡರ್ಡ್ 2, ಗ್ರೇಟ್ 3 ತುಂಬುತ್ತದೆ. ಕ್ಲಾಕ್‌ಗೆ ಅಡ್ಡಿಯ ಹೆಸರಿಡಿ, ದಾರಿಯ ಹೆಸರು ಬೇಡ: ‘ಕಾವಲು’ ಎಂದಿದ್ದರೆ ಲಂಚ ಕೊಟ್ಟೂ ತುಂಬಬಹುದು, ‘ಕಾವಲುಗಾರರನ್ನು ಹೊಡೆಯುವುದು’ ಎಂದು ಬರೆದರೆ ಒಂದೇ ದಾರಿ ಉಳಿಯುತ್ತದೆ. ಮೇಜಿನ ಮೇಲೆ ಒಮ್ಮೆಗೆ ಮೂರಕ್ಕಿಂತ ಹೆಚ್ಚು ಇದ್ದರೆ ಯಾರೂ ಅವನ್ನು ನೋಡುವುದಿಲ್ಲ.

ಫ್ಲಾಶ್‌ಬ್ಯಾಕ್ ಅಂದ್ರೆ ಮೋಸ ತಾನೆ? ಸಿಕ್ಕಿಬಿದ್ದ ಮೇಲೆ ‘ನಾನು ನಿನ್ನೇನೇ ಲಂಚ ಕೊಟ್ಟಿದ್ದೆ’ ಅನ್ನೋದು?

ಬೆಲೆ ಇದೆ. ಸುಲಭದ ಸಿದ್ಧತೆಗೆ 0 ಸ್ಟ್ರೆಸ್, ತುಸು ತೊಡಕಿನದಕ್ಕೆ 1, ಅಸಾಧಾರಣ ಕಸರತ್ತಿಗೆ 2 ಅಥವಾ ಹೆಚ್ಚು. ಲಂಚ ಒಪ್ಪಿದನೇ ಎಂದು ತಿಳಿಯಲು ಮತ್ತೆ ದಾಳ ಎಸೆಯಬೇಕಾಗಬಹುದು. ಈಗಾಗಲೇ ಕಣ್ಣೆದುರು ನಡೆದದ್ದನ್ನು ಅಳಿಸುವಂತಿಲ್ಲ: ಗುಂಡು ಹಾರಿದ ಮೇಲೆ ‘ಕೋವಿಯಲ್ಲಿ ಗುಂಡೇ ಇರಲಿಲ್ಲ’ ಎನ್ನುವುದು ನಡೆಯದು. ಪ್ರತಿಯಾಗಿ ಸಿಗುವ ಲಾಭ ದೊಡ್ಡದು. ಎರಡು ಗಂಟೆ ಕೂತು ಕಳ್ಳತನದ ಯೋಜನೆ ಹಾಕಿ, ಅದರ ಕಾಲುಭಾಗ ಮಾತ್ರ ಆಡುವ ಶಿಕ್ಷೆ ತಪ್ಪುತ್ತದೆ.

ಫೇಟ್‌ನಲ್ಲಿ ಆಸ್ಪೆಕ್ಟ್ ಬರೆದ್ವಿ, ಆದ್ರೆ ಯಾರೂ ಬಳಸ್ತಿಲ್ಲ.

ಆಸ್ಪೆಕ್ಟ್ ಎಂದರೆ ಪಾತ್ರವನ್ನು ಹೇಳುವ ಒಂದು ಸಣ್ಣ ಸಾಲು, ಅದು ಎರಡೂ ಕಡೆಗೆ ಎಳೆಯುತ್ತಿರಬೇಕು. ‘ಬಲಶಾಲಿ ಸೈನಿಕ’ ಸಹಾಯಕ್ಕೆ ಬರುತ್ತದೆ, ತೊಂದರೆ ಕೊಡುವುದಿಲ್ಲ. ‘ತಮ್ಮನ ಸಾಲ ತೀರಿಸಲು ಕತ್ತಿ ಹಿಡಿದವನು’ ಎರಡನ್ನೂ ಮಾಡುತ್ತದೆ. ಫೇಟ್ ಪಾಯಿಂಟ್ ಒಂದು ಖರ್ಚು ಮಾಡಿದರೆ +2 ಅಥವಾ ಮರು ಎಸೆತ. ನಾಲ್ಕು ಫೇಟ್ ದಾಳದ ಮೊತ್ತ 81ರಲ್ಲಿ 51 ಸಲ −1ರಿಂದ +1ರೊಳಗೇ ಇರುವುದರಿಂದ ಆ +2 ನಿಜಕ್ಕೂ ಭಾರಿ. ಪಾಯಿಂಟ್ ಮರಳಿ ಬರುವುದು ಕಂಪೆಲ್‌ನಿಂದ, ಅಂದರೆ ನಿಮ್ಮ ಆಸ್ಪೆಕ್ಟೇ ನಿಮಗೆ ತೊಂದರೆ ತಂದಾಗ. ಜಿಎಂ ಕಂಪೆಲ್ ಮಾಡಲು ಮರೆತರೆ ಶುರುವಿನ ಮೂರು ಪಾಯಿಂಟ್ ಕಂಜೂಸಿಯಿಂದ ಕೂಡಿಡಲ್ಪಟ್ಟು, ಕೊನೆಯ ಜಗಳದಲ್ಲಿ ಒಟ್ಟಿಗೆ ಸುರಿಯುತ್ತವೆ. ಒಂದು ಸೆಷನ್‌ನಲ್ಲಿ ತಲೆಗೆ ಒಂದಾದರೂ ಕಂಪೆಲ್ ಎಂದು ಗೆರೆ ಎಳೆದುಕೊಳ್ಳಿ.

## ಕೊರತೆಗಳು, ದೂರುಗಳು

ಫೈಟ್ ಸಪ್ಪೆ ಅನ್ಸುತ್ತೆ. ಡಿ ಅಂಡ್ ಡಿ ಥರ ಮಜಾ ಇಲ್ಲ.

ಇಲ್ಲ, ಒಪ್ಪುತ್ತೇವೆ. ಚೌಕಳಿ ನಕ್ಷೆಯ ಮೇಲೆ ಬೊಂಬೆ ಸರಿಸಿ, ಮಂತ್ರ ಉಳಿಸಿಕೊಂಡು, ಸರಿಯಾದ ಕ್ಷಣದಲ್ಲಿ ಬಿಡುವ ಖುಷಿ ಬೇಕಾದವರಿಗೆ ಈ ಆಟಗಳು ಅದನ್ನು ಕೊಡುವುದಿಲ್ಲ. ಐದು ಬಗೆಯ ಆಯುಧಕ್ಕೂ ಒಂದೇ ಮೂವ್ (ಒಂದು ಕ್ರಿಯೆಗೆ ದಾಳದ ಫಲ ಏನು ಎಂದು ಹೇಳುವ ನಿಯಮ) ಎಸೆದಾಗ ವ್ಯತ್ಯಾಸ ಬಾಯಿಮಾತಿನಲ್ಲಿ ಮಾತ್ರ ಇರುತ್ತದೆ. ಗುಂಪಿನಲ್ಲಿ ಮೂವರಿಗೆ ಇದೇ ಮುಖ್ಯವಾದರೆ ಆಟ ಬದಲಿಸುವುದೇ ಸರಿ. ಕಥೆ-ಪ್ರಧಾನ ಆಟದ ಮೇಲೆ ಯುದ್ಧದ ನಿಯಮ ಹೊಲಿದರೆ ಎರಡೂ ಹಾಳು.

ಎಷ್ಟು ದಿನ ಎಳೀಬಹುದು? ಡಿ ಅಂಡ್ ಡಿಯಲ್ಲಿ ಎರಡು ವರ್ಷ ಆಡಿದೀವಿ.

ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ಸೆಷನ್ ಚೆಂದ. ಆಮೇಲೆ ಗಣಿತ ಸಡಿಲವಾಗುತ್ತದೆ. ಅಪೋಕಲಿಪ್ಸ್ ಮಾದರಿಯಲ್ಲಿ ಗುಣಾಂಕ +3 ಆದವರು ಸೋಲುವುದು 36ರಲ್ಲಿ 3 ಸಲ ಮಾತ್ರ. ಬ್ಲೇಡ್ಸ್‌ನಲ್ಲಿ ನಾಲ್ಕು ದಾಳ ಕೈಗೆ ಬಂದರೆ ಸೋಲು 16ರಲ್ಲಿ 1. ಸೋಲು ಇಲ್ಲದಿದ್ದರೆ ತಿರುವು ಇಲ್ಲ. ಉದ್ದ ಎಳೆಯಲೇಬೇಕಾದರೆ ಊರು, ಶತ್ರುಗಳನ್ನು ಉಳಿಸಿಕೊಂಡು ಪಾತ್ರಗಳನ್ನು ಬದಲಿಸಿ.

ಮಾತಾಡೋರೇ ಮಾತಾಡ್ತಾರೆ, ಉಳಿದೋರು ಮೊಬೈಲ್ ನೋಡ್ತಾರೆ.

ಸರದಿ ಎನ್ನುವುದು ನಿಯಮದಲ್ಲೇ ಇಲ್ಲದಿರುವುದು ಇದಕ್ಕೆ ಕಾರಣ. ಡಿ ಅಂಡ್ ಡಿ ಜಗಳದಲ್ಲಿ ಮೌನಿಗೂ ಸರದಿ ಬಂದೇ ಬರುತ್ತದೆ. ಇಲ್ಲಿ ಬಾಯಿ ಇದ್ದವನದೇ ಆಟ. ಜಿಎಂ ಹೆಸರಿನ ಪಟ್ಟಿ ಇಟ್ಟುಕೊಂಡು, ಯಾರ ಮೇಲೆ ದೃಶ್ಯ ಹೋಯಿತೋ ಅವರ ಮುಂದೆ ಗುರುತು ಹಾಕುತ್ತ ಹೋಗಲಿ. ಮೌನವಾಗಿರುವವರಿಗೆ ‘ನೀನೇನು ಮಾಡ್ತೀಯ?’ ಎಂಬ ಬಯಲು ಪ್ರಶ್ನೆ ಕಷ್ಟ. ‘ಬಾಗಿಲು ಮುರಿಯುತ್ತಿದ್ದಾರೆ, ಹಿಡಿದುಕೊಳ್ತೀಯಾ, ಕಿಟಕಿಗೆ ಓಡ್ತೀಯಾ?’ ಎಂದರೆ ಉತ್ತರ ಬರುತ್ತದೆ. ಐದಕ್ಕಿಂತ ಹೆಚ್ಚು ಆಟಗಾರರನ್ನು ಸೇರಿಸಿಕೊಳ್ಳಬೇಡಿ. ನಮಗೆ ಕೇಳಿದರೆ ಮೂರೇ ಚೆಂದ.

ಜಿಎಂಗೆ ತಯಾರಿನೇ ಬೇಡ್ವಂತೆ, ನಿಜಾನಾ?

ಅರ್ಧ ಮಾತ್ರ. ನಕ್ಷೆ, ರಾಕ್ಷಸರ ಅಂಕಿಅಂಶ ಬೇಡ. ಆದರೆ ಹತ್ತು ಹೆಸರು, ಊರಿನ ಮೂರು ಬಣ, ಪ್ರತಿ ಬಣಕ್ಕೂ ಏನು ಬೇಕು, ಯಾರೂ ತಡೆಯದಿದ್ದರೆ ಏನಾಗುತ್ತದೆ ಎಂಬ ನಾಲ್ಕು ಸಾಲು ಬೇಕು. ಮೂವತ್ತು ನಿಮಿಷದ ಕೆಲಸ. ಕಥೆಯ ಕೊನೆ ಮಾತ್ರ ಬರೆದಿಟ್ಟುಕೊಳ್ಳಬೇಡಿ, ದಾಳ ಅದನ್ನು ಮೊದಲ ಗಂಟೆಯಲ್ಲೇ ಒಡೆಯುತ್ತದೆ. ಉಳಿಸಿದ ಶ್ರಮವೆಲ್ಲ ಆಟದ ಹೊತ್ತಿಗೆ ಬಂದು ಕೂರುವುದರಿಂದ ಮೂರು ಗಂಟೆ ಮೀರಿದರೆ ಜಿಎಂ ತಲೆ ಓಡುವುದು ನಿಲ್ಲುತ್ತದೆ. ನಡುವೆ ಕಾಫಿಗೆ ಎದ್ದೇಳಿ.

ಕಥೆ ಎಲ್ಲಿಗೋ ಹೋಗಿ ಯಾರಿಗೋ ನೋವಾದ್ರೆ?

ಪಾತ್ರದ ಸಾಲ, ಸಂಬಂಧ, ಭಯವನ್ನೇ ಕೆದಕುವ ಆಟಗಳಲ್ಲಿ ಈ ಅಪಾಯ ಹೆಚ್ಚು. ಶುರುವಿನಲ್ಲೇ ಎರಡು ಪಟ್ಟಿ ಮಾಡಿ: ಕಥೆಯಲ್ಲಿ ಬರಲೇಬಾರದ ಸಂಗತಿಗಳು (ಲೈನ್ಸ್), ಬಂದರೂ ತೆರೆಮರೆಯಲ್ಲೇ ಇರಬೇಕಾದವು (ವೇಲ್ಸ್). ಜಾನ್ ಸ್ಟಾವ್ರೊಪೌಲೊಸ್ ಅವರ ಎಕ್ಸ್-ಕಾರ್ಡ್ ಇನ್ನೂ ಸರಳ. ಎಕ್ಸ್ ಗುರುತು ಬರೆದ ಚೀಟಿ ಮೇಜಿನ ಮಧ್ಯೆ ಇರುತ್ತದೆ, ಯಾರಾದರೂ ಮುಟ್ಟಿದರೆ ಆ ಸಂಗತಿ ಕಥೆಯಿಂದ ಹೊರಗೆ. ಕಾರಣ ಕೇಳಬಾರದು.

## ಪಳಗಿದವರಿಗೆ

ನಮ್ಮ ಡಿ ಅಂಡ್ ಡಿ ಆಟಕ್ಕೇ ಇವನ್ನ ಸೇರಿಸಬಹುದಾ?

ಕ್ಲಾಕ್ ಸೇರಿಸಿ, ಯಾವ ನಿಯಮಕ್ಕೂ ಧಕ್ಕೆಯಿಲ್ಲ. ಬೆಲೆಯನ್ನು ಮೊದಲೇ ಹೇಳುವ ಅಭ್ಯಾಸವೂ ಹೊಂದುತ್ತದೆ. ಆದರೆ ಇಪ್ಪತ್ತು ಮುಖದ ದಾಳಕ್ಕೆ ‘ಅರೆ ಗೆಲುವು’ ಅಂಟಿಸುವ ಮುನ್ನ ಯೋಚಿಸಿ. ಜಗಳದ ಒಂದು ಸುತ್ತಿನಲ್ಲಿ ಎಂಟು ಹತ್ತು ಎಸೆತ ಇರುತ್ತವೆ, ಅಷ್ಟಕ್ಕೂ ತೊಂದರೆ ಹುಡುಕುತ್ತ ಕೂತರೆ ರಾತ್ರಿ ಕಳೆಯುತ್ತದೆ. ಜಗಳದ ಹೊರಗಿನ ಎಸೆತಗಳಿಗೆ ಮಾತ್ರ, ಅದೂ ಗುರಿಗೆ ಒಂದೆರಡು ಅಂಕ ಕಡಿಮೆಯಾದಾಗ ಮಾತ್ರ ಬಳಸಿ.

ಕನ್ನಡದಲ್ಲಿ ಆಡೋಕೆ ಆಗುತ್ತಾ?

ಆಡಬಹುದು, ಆಡಬೇಕು ಕೂಡ. ಇಲ್ಲಿ ಹೆಸರಿಸಿದ ಪುಸ್ತಕಗಳು ಇಂಗ್ಲಿಷಿನವು, ಆದರೆ ಮೇಜಿನ ಮೇಲೆ ಬೇಕಾಗುವುದು ಒಂದೆರಡು ಹಾಳೆಯ ಮೂವ್ ಪಟ್ಟಿ. ಅದನ್ನು ಕನ್ನಡದಲ್ಲಿ ಬರೆದುಕೊಳ್ಳಿ. ‘ಪೊಸಿಷನ್’, ‘ಕ್ಲಾಕ್’ ಇರುವ ಹಾಗೆಯೇ ಇರಲಿ. ಜೊತೆಗೆ ಒಂದು ಅನುಕೂಲ ಬಿಟ್ಟಿಯಾಗಿ ಸಿಗುತ್ತದೆ. 7–9 ಬಿದ್ದಾಗ ಅಲ್ಲಿಯತನಕ ‘ಹೇಳ್ರೀ’ ಎನ್ನುತ್ತಿದ್ದ ಜಮೀನ್ದಾರ ‘ಏನೋ ನಿಂದು?’ ಎಂದರೆ ಸಾಕು, ಪರಿಸ್ಥಿತಿ ಕೆಟ್ಟಿದ್ದು ಮೇಜಿನಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ.

ನಮ್ಮದೇ ಜಗತ್ತು ಇಟ್ಕೊಂಡು ಆಟ ಬರೀಬೇಕು ಅಂತಿದೀವಿ. ಎಲ್ಲಿಂದ ಶುರು?

ಫೇಟ್ ಮತ್ತು ಬ್ಲೇಡ್ಸ್‌ನ ಮೂಲ ನಿಯಮ ಪಠ್ಯಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿವೆ. ಹೆಸರು ಉಲ್ಲೇಖಿಸಿ ಬಳಸಬಹುದು, ಮಾರಲೂಬಹುದು. ಜಗತ್ತನ್ನು ವರ್ಣಿಸುವುದರಿಂದ ಶುರು ಮಾಡಬೇಡಿ. ನಿಮ್ಮ ಕಥೆಗಳಲ್ಲಿ ಮತ್ತೆ ಮತ್ತೆ ನಡೆಯುವ ಆರು ಕ್ರಿಯೆ ಬರೆಯಿರಿ, ಪ್ರತಿಯೊಂದಕ್ಕೂ ಗೆದ್ದರೆ, ಬೆಲೆ ತೆತ್ತು ಗೆದ್ದರೆ ಏನಾಗುತ್ತದೆ ಎಂದು ಎರಡೆರಡು ಸಾಲು. ‘ಪಂಚಾಯ್ತಿಯಲ್ಲಿ ನ್ಯಾಯ ಕೇಳಿದಾಗ’ ಎಂಬುದು ಒಂದು ಮೂವ್ ಆದರೆ ಆಟ ಆ ಕಡೆ ತಾನಾಗಿಯೇ ಹರಿಯುತ್ತದೆ. ಬೆಲೆಯ ಸಾಲು ತೋಚದ ಕ್ರಿಯೆಯನ್ನು ಕೈಬಿಡಿ. ನಂತರ ನಿಮ್ಮ ಗುಂಪಿನವರಲ್ಲದ ಮೂವರಿಗೆ ಹಾಳೆ ಕೊಟ್ಟು, ನೀವು ಬಾಯಿ ಬಿಡದೆ ಪಕ್ಕದಲ್ಲಿ ಕೂತು ನೋಡಿ. ಅವರು ಯಾವ ಸಾಲನ್ನು ಎರಡನೇ ಸಲ ಓದಿದರೋ ಮೊದಲು ತಿದ್ದಬೇಕಾದದ್ದು ಅದು.